40 ಅಡಿ ಸೈಟು ಪ್ರಿಂಟ್‌ನಲ್ಲಿ 38 ಅಡಿ 8 ಇಂಚು ಬಂದಿದೆ. ಪಿಡಿಎಫ್ ತಪ್ಪಾ, ಪ್ಲಾಟರ್ ತಪ್ಪಾ?

ಮಂಡ್ಯ_ಮನೆನಕ್ಷೆ | ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಮನೆ ಪ್ಲ್ಯಾನ್ ಹಾಕಿಕೊಡುವ ಕೆಲಸ ನನ್ನದು. ಆರು ವರ್ಷ ಆಯಿತು. ಇವತ್ತು ಆಗಿದ್ದನ್ನು ಬರೆಯುತ್ತೇನೆ, ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

30×40 ಸೈಟಿನ ಪ್ಲ್ಯಾನ್. ಎ1 ಹಾಳೆ, 1:100 ಸ್ಕೇಲ್. ನಾನು ಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಮಿಲಿಮೀಟರ್‌ನಲ್ಲೇ ಡ್ರಾಯಿಂಗ್ ಮಾಡುವುದು. ಲೇಔಟ್‌ನಿಂದ (ಡ್ರಾಯಿಂಗನ್ನು ಹಾಳೆಗೆ ಜೋಡಿಸುವ ಪುಟ) ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು, ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಪ್ಲಾಟರ್‌ನಲ್ಲಿ (ದೊಡ್ಡ ಹಾಳೆಯ ಪ್ರಿಂಟರ್) ನಾಲ್ಕು ಪ್ರತಿ ತೆಗೆಸಿದೆ. ನೋಡೋಕೆ ಚೆನ್ನಾಗಿಯೇ ಇತ್ತು. ಮಂಜೂರಾತಿಗೆ ಪ್ಲ್ಯಾನ್ ಕೊಡಲು ಹೋದಾಗ ಅಲ್ಲಿದ್ದ ಇಂಜಿನಿಯರ್ ಸ್ಟೀಲ್ ಸ್ಕೇಲ್ ತೆಗೆದು ಸೈಟಿನ ಉದ್ದದ ಮೇಲೆ ಇಟ್ಟರು. 118 ಮಿ.ಮೀ. "ಇದು 40 ಅಡಿ ಅಲ್ಲವಲ್ಲ" ಅಂದರು. ಮನೆಗೆ ಬಂದು ಲೆಕ್ಕ ಹಾಕಿದೆ. 118 ಅಂದರೆ 11.8 ಮೀಟರ್, ಅಂದರೆ 38 ಅಡಿ 8 ಇಂಚು ಚಿಲ್ಲರೆ. ಡೈಮೆನ್ಷನ್ ಮಾತ್ರ 40'-0" ಅಂತಲೇ ಇದೆ. ನಾಲ್ಕೂ ಪ್ರತಿ ವಾಪಸ್.

ಅದೇ ಫೈಲಿನಲ್ಲಿ ಇನ್ನೂ ಮೂರು ತೊಂದರೆ ಇದೆ. ಟೈಟಲ್ ಬ್ಲಾಕ್‌ನಲ್ಲಿ (ಹಾಳೆಯ ಮೇಲಿನ ಹೆಸರು, ವಿವರದ ಪೆಟ್ಟಿಗೆ) ಕನ್ನಡದಲ್ಲಿ ಬರೆದಿದ್ದು ಕೆಟ್ಟಿದೆ, "ಉತ್ತರ" ಅನ್ನುವುದು "ಉತ್‌ತರ" ಆಗಿದೆ, "ರಸ್ತೆ" ಬಿಡಿಬಿಡಿಯಾಗಿದೆ. ಸ್ಕ್ರೀನ್‌ನಲ್ಲಿ ಪಿಡಿಎಫ್ ತೆರೆದರೆ ತೆಳು ಗೆರೆಗಳೆಲ್ಲ ದಪ್ಪ ಕಾಣುತ್ತವೆ. ಫೈಲು 48 ಎಂಬಿ ಇದೆ, ಅಂಗಡಿಯ ಕಂಪ್ಯೂಟರ್‌ನಲ್ಲಿ ತೆರೆಯಲು ಐದು ನಿಮಿಷ ಹಿಡಿಯಿತು, ಹಿಂದೆ ನಿಂತವರೆಲ್ಲ ಕಾಯಬೇಕಾಯಿತು.

ಮನೆಯವರು ಶ್ರಾವಣಕ್ಕೆ ಪಾಯ ಹಾಕಬೇಕು ಅಂತಿದ್ದಾರೆ. ಒಂದು ವಾರದಲ್ಲಿ ಸರಿ ಮಾಡಿಕೊಡಲೇಬೇಕು.

---

ಪ್ಲಾಟರ್_ಅಂಗಡಿ_ಮೈಸೂರು | ಸೋಮವಾರ, ರಾತ್ರಿ 10:25

ಸರ್, ನಾನು ಮೈಸೂರಿನಲ್ಲಿ ದೊಡ್ಡ ಹಾಳೆ ಪ್ರಿಂಟ್ ತೆಗೆಯುವವನು. ನೀವು ಬಂದಿದ್ದು ನಮ್ಮ ಅಂಗಡಿಗೆ ಅಲ್ಲ ಅನ್ನಿಸುತ್ತದೆ, ಆದರೆ ಈ ತಪ್ಪು ಎಲ್ಲ ಅಂಗಡಿಯಲ್ಲೂ ಆಗುತ್ತದೆ, ನಮ್ಮಲ್ಲೂ ಆಗಿದೆ. ಹಾಗಾಗಿ ವಿವರವಾಗಿ ಬರೆಯುತ್ತೇನೆ.

40 ಅಡಿ ಅಂದರೆ 12.192 ಮೀಟರ್. 1:100ರಲ್ಲಿ ಹಾಳೆಯ ಮೇಲೆ 121.92 ಮಿ.ಮೀ ಬರಬೇಕು. ನಿಮಗೆ ಬಂದಿದ್ದು 118. ಭಾಗಿಸಿ ನೋಡಿ, ಸುಮಾರು 0.97. ಈ 97 ಪರ್ಸೆಂಟ್, 96 ಪರ್ಸೆಂಟ್ ಅನ್ನುವ ಅಂಕಿ ಕಂಡ ತಕ್ಷಣ ನನಗೆ ಗೊತ್ತಾಗುತ್ತದೆ. ಡ್ರಾಯಿಂಗ್‌ನಲ್ಲಿ ಸ್ಕೇಲ್ ತಪ್ಪಿದ್ದರೆ ಸಾಮಾನ್ಯವಾಗಿ ಇಷ್ಟು ಚಿಕ್ಕ ವ್ಯತ್ಯಾಸ ಬರುವುದಿಲ್ಲ. ಎರಡು ಪಟ್ಟು, ಹತ್ತು ಪಟ್ಟು, 25.4 ಪಟ್ಟು ಹೀಗೆ ಬರುತ್ತದೆ. ಮೂರು ನಾಲ್ಕು ಪರ್ಸೆಂಟ್ ಕಡಿಮೆ ಆಗಿದೆ ಅಂದರೆ ಯಾರೋ ಪ್ರಿಂಟ್ ಕೊಡುವಾಗ "ಫಿಟ್" ಒತ್ತಿದ್ದಾರೆ ಅಂತ ಅರ್ಥ.

ಯಾಕೆ ಒತ್ತುತ್ತೇವೆ ಅಂತಲೂ ಹೇಳುತ್ತೇನೆ. ಎ1 ಹಾಳೆ 841×594. ನಾವು ಹಾಕುವ ಸಣ್ಣ ರೋಲು 24 ಇಂಚು, ಅಂದರೆ 610 ಮಿ.ಮೀ. ಉಳಿಯುವುದು ಬರೀ 16 ಮಿ.ಮೀ. ಯಂತ್ರ ಅಂಚಿನವರೆಗೂ ಶಾಯಿ ಹಾಕುವುದಿಲ್ಲ, ಸುತ್ತ ಸ್ವಲ್ಪ ಜಾಗ ಬಿಡುತ್ತದೆ. ನಿಮ್ಮ ಬಾರ್ಡರ್ ಗೆರೆ ಹಾಳೆಯ ಅಂಚಿಗೇ ಇದ್ದರೆ "ಆ್ಯಕ್ಚುಯಲ್ ಸೈಜ್" ಕೊಟ್ಟಾಗ ಕೆಲವು ಸಲ ಒಂದು ಕಡೆ ಗೆರೆ ಕಟ್ ಆಗುತ್ತದೆ. ಗಿರಾಕಿ "ಬಾರ್ಡರ್ ಹೋಗಿದೆ, ಬೇರೆ ತೆಗೆದುಕೊಡಿ" ಅಂತಾರೆ. ಹುಡುಗರು ಫಿಟ್ ಕೊಡುತ್ತಾರೆ, ಬಾರ್ಡರ್ ಪೂರ್ತಿ ಬರುತ್ತದೆ, ಎಲ್ಲರಿಗೂ ಖುಷಿ. ಆದರೆ ಸ್ಕೇಲ್ ಹೋಯಿತು.

ಮೊದಲು ಒಂದು ಕೆಲಸ ಮಾಡಿ. ಪಿಡಿಎಫ್ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪೇಜ್ ಸೈಜ್ ನೋಡಿ. ಆಮೇಲೆ ಅಲ್ಲೇ ಮೆಷರ್ ಟೂಲ್‌ನಿಂದ ಸೈಟಿನ ಉದ್ದ ಅಳೆಯಿರಿ. 121.92 ಬಂದರೆ ನಿಮ್ಮ ಕೆಲಸದಲ್ಲಿ ತಪ್ಪಿಲ್ಲ.

---

ಮಂಡ್ಯ_ಮನೆನಕ್ಷೆ | ಸೋಮವಾರ, ರಾತ್ರಿ 10:50

ಅಣ್ಣ, ಈಗಲೇ ನೋಡಿದೆ. ಪೇಜ್ ಸೈಜ್ 841×594 ಇದೆ. ಅಳತೆ 121.92, ಸರಿಯಾಗಿ ಅಷ್ಟೇ. ಅಂದರೆ ಪಿಡಿಎಫ್‌ವರೆಗೂ ಸರಿಯಿದೆ, ತಪ್ಪಾಗಿದ್ದು ಅಲ್ಲಿಂದ ಹಾಳೆಗೆ ಹೋಗುವಾಗ. ಸಂಜೆಯಿಂದ ಡ್ರಾಯಿಂಗ್‌ನಲ್ಲೇ ತಪ್ಪು ಹುಡುಕುತ್ತಿದ್ದೆ, ವ್ಯೂಪೋರ್ಟ್ (ಲೇಔಟ್‌ನಲ್ಲಿ ಡ್ರಾಯಿಂಗ್ ಕಾಣುವ ಕಿಟಕಿ) ಎಲ್ಲ ಹೊಸದಾಗಿ ಮಾಡಿದ್ದೆ. ತುಂಬಾ ಥ್ಯಾಂಕ್ಸ್.

ಬಾರ್ಡರ್ ಎಷ್ಟು ಒಳಗೆ ಇಡಬೇಕು?

---

ಪ್ಲಾಟರ್_ಅಂಗಡಿ_ಮೈಸೂರು | ಸೋಮವಾರ, ರಾತ್ರಿ 11:05

ಸುತ್ತ 10 ಮಿ.ಮೀ ಬಿಡಿ. ಎಡಗಡೆ ಫೈಲ್ ಮಾಡುವ ಕಡೆ 20 ಬಿಟ್ಟರೆ ಇನ್ನೂ ಒಳ್ಳೆಯದು. ಪೇಜ್ ಸೆಟಪ್‌ನಲ್ಲಿ "ಫುಲ್ ಬ್ಲೀಡ್" ಅಂತ ಇರುವ ಎ1 ಆರಿಸಿಕೊಳ್ಳಿ. ಬರೀ ಎ1 ಅಂತ ಇರುವುದನ್ನು ಆರಿಸಿದರೆ ಪಿಡಿಎಫ್ ಡ್ರೈವರೇ ಸುತ್ತ ಮಾರ್ಜಿನ್ ಇಟ್ಟುಕೊಂಡಿರುತ್ತದೆ, ಲೇಔಟ್‌ನಲ್ಲಿ ತುಂಡು ಗೆರೆಯ ಚೌಕ ಕಾಣುತ್ತದಲ್ಲ ಅದೇ. ಆ ಚೌಕದ ಹೊರಗೆ ಇದ್ದದ್ದು ಪ್ರಿಂಟ್ ಆಗುವುದಿಲ್ಲ. ಪ್ಲಾಟ್ ಸ್ಕೇಲ್ 1:1, "ಫಿಟ್ ಟು ಪೇಪರ್" ಟಿಕ್ ತೆಗೆದಿರಬೇಕು. ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ, "ಆ್ಯಕ್ಚುಯಲ್ ಸೈಜ್ ಕೊಡಿ, ನಾನು ಅಳೆದು ನೋಡುತ್ತೇನೆ" ಅಂತ. ಅಳೆಯುತ್ತೇನೆ ಅಂದರೆ ಹುಡುಗರು ಹುಷಾರಾಗಿ ತೆಗೆಯುತ್ತಾರೆ.

---

ಪಾಂಡವಪುರ_ಹೊಸಬ | ಮಂಗಳವಾರ, ಬೆಳಿಗ್ಗೆ 7:15

ನನ್ನದೂ ಒಂದು ಪ್ರಶ್ನೆ ಇದೆ, ಇಲ್ಲೇ ಕೇಳಬಹುದಾ? ನಾನು ಅಡಿ-ಇಂಚಿನಲ್ಲಿ ಡ್ರಾಯಿಂಗ್ ಮಾಡುತ್ತೇನೆ, ನಮ್ಮ ಮೇಸ್ತ್ರಿಗಳಿಗೆ ಅದೇ ಬೇಕು. ಪ್ಲಾಟ್ ಸ್ಕೇಲ್‌ನಲ್ಲಿ 1:100 ಕೊಟ್ಟರೆ ಇಡೀ ಮನೆ ಅಕ್ಕಿ ಕಾಳಿನಷ್ಟು ಬರುತ್ತದೆ. ಫಿಟ್ ಕೊಟ್ಟರೆ ಹಾಳೆ ತುಂಬ ಬರುತ್ತದೆ, ಆದರೆ ಯಾವ ಸ್ಕೇಲ್ ಅಂತ ಗೊತ್ತಾಗುವುದಿಲ್ಲ.

---

ಐಟಿಐ_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 8:40

ಖಂಡಿತ ಕೇಳಪ್ಪ. ಇದನ್ನು ಪ್ರತಿ ವರ್ಷ ಹುಡುಗರಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ.

ಕ್ಯಾಡ್‌ಗೆ ಅಡಿಯೂ ಗೊತ್ತಿಲ್ಲ, ಮೀಟರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಯೂನಿಟ್ ಒಂದೇ. ನೀನು ಅಡಿ-ಇಂಚಿನಲ್ಲಿ ಬರೆದಾಗ ಒಂದು ಯೂನಿಟ್ ಅಂದರೆ ಒಂದು ಇಂಚು. 30×40 ಸೈಟು ಅಂದರೆ 360×480 ಯೂನಿಟ್. ಈಗ ಪ್ಲಾಟ್ ಕಿಟಕಿಯಲ್ಲಿ ಹಾಳೆ ಮಿಲಿಮೀಟರ್‌ನಲ್ಲಿದೆ. ನೀನು 1:100 ಕೊಟ್ಟರೆ ಅದು "1 ಮಿ.ಮೀ ಹಾಳೆಗೆ 100 ಯೂನಿಟ್" ಅಂತ ತಿಳಿಯುತ್ತದೆ, ಅಂದರೆ 100 ಇಂಚು. ಆಗ ಸೈಟು 3.6×4.8 ಮಿ.ಮೀ ಬರುತ್ತದೆ. ನಿಜವಾದ ಸ್ಕೇಲ್ 1:2540 ಆಯಿತು. ಮೇಲೆ ಪ್ಲಾಟರ್ ಅಂಗಡಿಯವರು 25.4 ಪಟ್ಟು ಅಂದರಲ್ಲ, ಅದು ಇದೇ.

1:100ರಲ್ಲಿ ಹಾಳೆಯ 1 ಮಿ.ಮೀಗೆ ನಿಜದ 100 ಮಿ.ಮೀ ಬರಬೇಕು. 100 ಮಿ.ಮೀ ಅಂದರೆ 3.937 ಇಂಚು. ಹಾಗಾಗಿ ಪ್ಲಾಟ್‌ನಲ್ಲಿ ಕಸ್ಟಮ್ ಆರಿಸಿ 1 ಮಿ.ಮೀ = 3.937 ಯೂನಿಟ್ ಅಂತ ಬರಿ. ಲೇಔಟ್‌ನಲ್ಲಿ ವ್ಯೂಪೋರ್ಟ್ ಮಾಡಿದ್ದರೆ ಅದರೊಳಗೆ ಹೋಗಿ ಝೂಮ್ ಕಮಾಂಡ್ ಕೊಟ್ಟು 0.254ಎಕ್ಸ್‌ಪಿ (0.254xp) ಅಂತ ಹೊಡಿ. ಒಂದು ಇಂಚು 25.4 ಮಿ.ಮೀ, ಅದರಲ್ಲಿ ನೂರನೇ ಒಂದು ಭಾಗ 0.254, ಅಷ್ಟೇ ಲೆಕ್ಕ. ಆಮೇಲೆ ವ್ಯೂಪೋರ್ಟ್ ಲಾಕ್ ಮಾಡು. ಲಾಕ್ ಮಾಡದೆ ಮೌಸ್ ಚಕ್ರ ತಿರುಗಿಸಿದರೆ ಸ್ಕೇಲ್ ಜರುಗಿಬಿಡುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಹಾಳೆಯ ವಿಷಯ ಇನ್ನೊಂದು ಹೇಳಬೇಕು. ಎ1ರಲ್ಲಿ 1:100 ಇದ್ದ ಡ್ರಾಯಿಂಗನ್ನು ಎ3ಗೆ ತೆಗೆದರೆ ಸರಿಯಾಗಿ ಅರ್ಧ ಆಗುತ್ತದೆ, 1:200. ಮೇಸ್ತ್ರಿ ಕೈಗೆ ಕೊಡಲು ಅದು ಒಳ್ಳೆಯದು, ಎರಡರಿಂದ ಗುಣಿಸಿಕೊಂಡರೆ ಸಾಕು. ಆದರೆ ಎ2ಗೆ ತೆಗೆಯಬೇಡಿ. ಅದು 1:141 ಆಗುತ್ತದೆ. ಆ ಸ್ಕೇಲಿನ ಪಟ್ಟಿ ಯಾರ ಹತ್ತಿರವೂ ಇಲ್ಲ. ಟೈಟಲ್ ಬ್ಲಾಕ್‌ನಲ್ಲಿ ಸುಮ್ನೆ "1:100" ಅಂತ ಬರೆಯುವ ಬದಲು "ಎ1 ಹಾಳೆಯಲ್ಲಿ 1:100" ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

---

ಪಾಂಡವಪುರ_ಹೊಸಬ | ಮಂಗಳವಾರ, ಬೆಳಿಗ್ಗೆ 9:30

ಮೇಷ್ಟ್ರೇ, ಬಂತು! 3.937 ಕೊಟ್ಟೆ, ಸೈಟು 121.9 ಅಂತ ತೋರಿಸುತ್ತಿದೆ. ಇಷ್ಟು ದಿನ ಫಿಟ್ ಕೊಟ್ಟು ಕೆಳಗೆ "ಸ್ಕೇಲ್‌ಗೆ ಇಲ್ಲ" ಅಂತ ಬರೆಯುತ್ತಿದ್ದೆ.

---

ಸರಸ್ವತಿಪುರಂ_ಆರ್ಕಿಟೆಕ್ಟ್ | ಮಂಗಳವಾರ, ಮಧ್ಯಾಹ್ನ 1:10

ಗೆರೆ ದಪ್ಪ ಕಾಣುವ ವಿಷಯಕ್ಕೆ ಬರುತ್ತೇನೆ. ಮಂಡ್ಯದವರೇ, ನೀವು ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆಯುತ್ತಿದ್ದೀರಾ? ಹಾಗಿದ್ದರೆ ಎಡಿಟ್‌ನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಪೇಜ್ ಡಿಸ್‌ಪ್ಲೇ, ಅಲ್ಲಿ "ಎನ್‌ಹ್ಯಾನ್ಸ್ ಥಿನ್ ಲೈನ್ಸ್" ಅಂತ ಒಂದು ಟಿಕ್ ಇರುತ್ತದೆ. ಅದನ್ನು ತೆಗೆಯಿರಿ. ತುಂಬಾ ತೆಳುವಾದ ಗೆರೆ ಸ್ಕ್ರೀನ್‌ನಲ್ಲಿ ಮಾಯ ಆಗಬಾರದು ಅಂತ ಅದು ದಪ್ಪ ಮಾಡಿ ತೋರಿಸುತ್ತದೆ, ಕಾಗದ ಪತ್ರ ಓದುವವರಿಗೆ ಅನುಕೂಲವೇ. ನಮ್ಮ ಡ್ರಾಯಿಂಗ್‌ನಲ್ಲಿ ಮಾತ್ರ 0.09 ಗೆರೆಯೂ 0.25 ಗೆರೆಯೂ ಒಂದೇ ಥರ ಕಾಣುತ್ತವೆ, ಟೈಲ್ಸ್ ಹ್ಯಾಚ್ (ಜಾಗ ತುಂಬುವ ಗೆರೆಗಳ ವಿನ್ಯಾಸ) ಎಲ್ಲ ಕಪ್ಪು ಮುದ್ದೆ ಆಗುತ್ತದೆ. ಸಿಟಿಬಿ (ಯಾವ ಬಣ್ಣದ ಗೆರೆ ಎಷ್ಟು ದಪ್ಪ, ಯಾವ ಬಣ್ಣದಲ್ಲಿ ಪ್ರಿಂಟ್ ಆಗಬೇಕು ಅನ್ನುವ ಫೈಲು) ಮುಟ್ಟುವ ಮೊದಲು ಇದನ್ನು ನೋಡಿ. ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಇದು ಗೊತ್ತಿಲ್ಲದೆ ಒಂದು ಇಡೀ ದಿನ ಕೂತು 40 ಲೇಯರ್‌ಗಳ ಲೈನ್‌ವೇಟ್ ಬದಲಾಯಿಸಿದ್ದಳು, ಪಾಪ. ಪ್ರಿಂಟ್ ತೆಗೆದಾಗ ಗೋಡೆ ಗೆರೆಯೇ ಕಾಣಲಿಲ್ಲ.

ಟಿಕ್ ತೆಗೆದ ಮೇಲೂ ದಪ್ಪ ಇದ್ದರೆ ಆಗ ಸಿಟಿಬಿ ನೋಡಿ.

ಇನ್ನೊಂದು. ಮಂಜೂರಾತಿಗೆ ಕೊಡುವ ಡ್ರಾಯಿಂಗ್‌ಗೆ ಮೊನೊಕ್ರೋಮ್ ಸಿಟಿಬಿ ಹಾಕಬೇಡಿ. 255 ಬಣ್ಣವನ್ನೂ ಅದು ಕಪ್ಪು ಮಾಡುತ್ತದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಹೊಸ ಕೆಲಸ ಕೆಂಪು, ಕೆಡವುವ ಭಾಗ ಹಳದಿ ಹ್ಯಾಚ್, ಒಳಚರಂಡಿ ಕೆಂಪು ಚುಕ್ಕಿ ಗೆರೆ. ಇವೆಲ್ಲ ಕಪ್ಪಾದರೆ ನೋಡುವವರಿಗೆ ಹಳೆ ಗೋಡೆ ಯಾವುದು, ಹೊಸದು ಯಾವುದು ತಿಳಿಯುವುದಿಲ್ಲ. ಮೊನೊಕ್ರೋಮ್‌ನ ಒಂದು ಪ್ರತಿ ಮಾಡಿ ಬೇರೆ ಹೆಸರಿಟ್ಟು, ಅದರಲ್ಲಿ 1ನೇ ಬಣ್ಣ ಕೆಂಪು, 2ನೇ ಬಣ್ಣ ಹಳದಿ ಅಂತ ಹಾಗೇ ಬಿಡಿ, ಉಳಿದದ್ದು ಕಪ್ಪು ಇರಲಿ. ಇದಕ್ಕೆ ಉಲ್ಟಾ ತೊಂದರೆಯೂ ಬರುತ್ತದೆ. ಎಲ್ಲ ಕಪ್ಪು ಬೇಕು ಅಂತ ಮೊನೊಕ್ರೋಮ್ ಕೊಟ್ಟರೂ ಒಂದೆರಡು ಸೋಫಾ, ಕಾರು ಬಣ್ಣದಲ್ಲೇ ಬರುತ್ತವೆ. ಎಲ್ಲಿಂದಲೋ ಇಳಿಸಿಕೊಂಡ ಬ್ಲಾಕ್‌ಗಳಿಗೆ (ಸಿದ್ಧ ಚಿತ್ರಗಳಿಗೆ) ಟ್ರೂ ಕಲರ್ ಕೊಟ್ಟಿರುತ್ತಾರೆ, ಸಿಟಿಬಿ ಅದನ್ನು ಬದಲಾಯಿಸುವುದಿಲ್ಲ. ಅದರ ಬಣ್ಣವನ್ನು 1ರಿಂದ 255ರೊಳಗಿನ ಸಾಮಾನ್ಯ ಬಣ್ಣಕ್ಕೆ ಬದಲಾಯಿಸಬೇಕು.

---

ಮಂಡ್ಯ_ಮನೆನಕ್ಷೆ | ಮಂಗಳವಾರ, ಸಂಜೆ 6:45

ಮೇಡಂ, ಟಿಕ್ ತೆಗೆದೆ, ಗೆರೆ ಸರಿಯಾಯಿತು. ಒಂದೇ ಟಿಕ್! ಪ್ರಿಂಟ್‌ನಲ್ಲಿ ಗೆರೆ ಮೊದಲಿಂದಲೂ ಸರಿಯಾಗಿಯೇ ಬರುತ್ತಿತ್ತು, ಈಗ ಯಾಕೆ ಅಂತ ಅರ್ಥ ಆಯಿತು.

ಆದರೆ ನೀವು ಒಳಚರಂಡಿ ಚುಕ್ಕಿ ಗೆರೆ ಅಂದಿದ್ದಕ್ಕೆ ಮತ್ತೆ ನೋಡಿದೆ. ನನ್ನ ಪಿಡಿಎಫ್‌ನಲ್ಲಿ ಅದು ಚುಕ್ಕಿಯೇ ಇಲ್ಲ, ಪೂರ್ತಿ ಗೆರೆ. ಮಾಡೆಲ್‌ನಲ್ಲಿ (ಡ್ರಾಯಿಂಗ್ ಬರೆಯುವ ಜಾಗ) ಚುಕ್ಕಿ ಕಾಣುತ್ತದೆ.

---

ಐಟಿಐ_ಮೇಷ್ಟ್ರು | ಮಂಗಳವಾರ, ಸಂಜೆ 7:20

ಎಲ್‌ಟಿಸ್ಕೇಲ್ (LTSCALE, ಚುಕ್ಕಿ ಗೆರೆಯ ತುಂಡುಗಳ ಅಳತೆ) ಎಷ್ಟಿದೆ ನೋಡಿ. 100 ಇರಬೇಕು, ಅಲ್ವಾ? ಮಾಡೆಲ್‌ನಲ್ಲಿ ಕಾಣಲಿ ಅಂತ ಹಾಕಿರುತ್ತೀರಿ. ಪಿಎಸ್‌ಎಲ್‌ಟಿಸ್ಕೇಲ್ 1 ಇದ್ದರೆ ಲೇಔಟ್‌ನಲ್ಲಿ ಚುಕ್ಕಿಯ ಉದ್ದವನ್ನು ಹಾಳೆಯ ಲೆಕ್ಕದಲ್ಲಿ ಹಾಕುತ್ತದೆ. ಹಾಳೆಯಲ್ಲಿ ಒಂದೊಂದು ತುಂಡೂ ನೂರು ಪಟ್ಟು ಉದ್ದ ಆದರೆ ನಿಮ್ಮ ಪೈಪ್ ಗೆರೆ ಪೂರ್ತಿ ಮೊದಲನೇ ತುಂಡಿನೊಳಗೇ ಮುಗಿದುಹೋಗುತ್ತದೆ. ಎಲ್‌ಟಿಸ್ಕೇಲ್ 1, ಪಿಎಸ್‌ಎಲ್‌ಟಿಸ್ಕೇಲ್ 1, ಎಂಎಸ್‌ಎಲ್‌ಟಿಸ್ಕೇಲ್ 1 ಮಾಡಿ, ರೀಜೆನ್‌ಆಲ್ (ಸ್ಕ್ರೀನನ್ನು ಹೊಸದಾಗಿ ಬರೆಸುವ ಕಮಾಂಡ್) ಕೊಡಿ. ರೀಜೆನ್ ಕೊಡದೆ ಸ್ಕ್ರೀನ್ ನೋಡಿ "ಆಗಲಿಲ್ಲ" ಅನ್ನುವವರು ಬಹಳ ಜನ.

---

ಹೂಟಗಳ್ಳಿ_ಟೂಲ್‌ರೂಮ್ | ಮಂಗಳವಾರ, ರಾತ್ರಿ 9:05

48 ಎಂಬಿ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮನೆ ಪ್ಲ್ಯಾನ್ ಮಾಡುವವನಲ್ಲ, ಜಿಗ್ ಫಿಕ್ಸ್‌ಚರ್ ಡ್ರಾಯಿಂಗ್ ಮಾಡುತ್ತೇನೆ, ಆದರೆ ಫೈಲು ಭಾರ ಆಗುವ ಕಾರಣ ಎಲ್ಲ ಕಡೆ ಒಂದೇ. ಮೂರು ಕಡೆ ಹುಡುಕಿ.

ಎಲಿವೇಶನ್‌ನಲ್ಲಿ ಕಲ್ಲಿನ ಕ್ಲ್ಯಾಡಿಂಗ್, ಮರಳು, ಹುಲ್ಲಿನ ಹ್ಯಾಚ್ ಹಾಕಿದ್ದೀರಾ? ಹ್ಯಾಚ್ ಸ್ಕೇಲ್ ಚಿಕ್ಕದಿದ್ದರೆ ಒಂದು ಗೋಡೆಯಲ್ಲೇ ಲಕ್ಷಗಟ್ಟಲೆ ಚುಕ್ಕಿ ಕೂರುತ್ತವೆ. ಒಂದೊಂದು ಚುಕ್ಕಿಯೂ ಪಿಡಿಎಫ್‌ನಲ್ಲಿ ಒಂದೊಂದು ಗೆರೆ. ಸ್ಕೇಲ್ ಹೆಚ್ಚಿಸಿ, ಅರ್ಧ ಭಾರ ಅಲ್ಲೇ ಇಳಿಯಬಹುದು.

ಸೈಟಿನ ಉಪಗ್ರಹ ಚಿತ್ರ ಅಂಟಿಸಿದ್ದೀರಾ? ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಕೂರುವ ಚಿತ್ರಕ್ಕೆ 20 ಎಂಬಿ ಫೈಲು ಬೇಕಿಲ್ಲ. ಮೊದಲೇ ಕತ್ತರಿಸಿ ಚಿಕ್ಕದು ಮಾಡಿ ಅಂಟಿಸಿ.

ಮೂರನೆಯದು, ಪ್ಲಾಟ್ ಕಿಟಕಿಯಲ್ಲಿ "ಪ್ಲಾಟ್ ಟ್ರಾನ್ಸ್‌ಪರೆನ್ಸಿ" ಟಿಕ್. ಅದು ಇದ್ದರೆ ಗೆರೆಗಳೂ ಗೆರೆಯಾಗಿ ಉಳಿಯದೆ ಚಿತ್ರವಾಗಿ ಬದಲಾಗಬಹುದು. ಗೊತ್ತು ಮಾಡಿಕೊಳ್ಳುವುದು ಸುಲಭ. ಪಿಡಿಎಫ್‌ನಲ್ಲಿ ಒಂದು ಬಾಗಿಲಿನ ಕಮಾನು ಗೆರೆಯನ್ನು 1600 ಪರ್ಸೆಂಟ್‌ಗೆ ದೊಡ್ಡದು ಮಾಡಿ. ಗೆರೆ ನುಣ್ಣಗೆ ಇದ್ದರೆ ವೆಕ್ಟರ್, ಅಂದರೆ ಗೆರೆಯಾಗಿಯೇ ಇದೆ. ಮೆಟ್ಟಿಲು ಮೆಟ್ಟಿಲು, ಚೌಕ ಚೌಕ ಕಂಡರೆ ಚಿತ್ರ ಆಗಿದೆ. ನೆರಳು, ಗಾಜು ಅಂತ ಪಾರದರ್ಶಕ ಬಣ್ಣ ನಿಜವಾಗಿ ಬೇಕಿರುವ ಹಾಳೆಗೆ ಮಾತ್ರ ಆ ಟಿಕ್ ಹಾಕಿ.

ಇದೆಲ್ಲ ಆದಮೇಲೆ ಓವರ್‌ಕಿಲ್, ಪರ್ಜ್, ಆಡಿಟ್. ಓವರ್‌ಕಿಲ್ ಒಂದರ ಮೇಲೊಂದು ಬಿದ್ದ ಗೆರೆಗಳನ್ನು ತೆಗೆಯುತ್ತದೆ, ಪರ್ಜ್ ಬಳಕೆಯಲ್ಲಿಲ್ಲದ್ದನ್ನು ತೆಗೆಯುತ್ತದೆ, ಆಡಿಟ್ ಫೈಲಿನ ದೋಷ ಸರಿ ಮಾಡುತ್ತದೆ. ಮೂಲ ಫೈಲಿನ ಒಂದು ಪ್ರತಿ ಇಟ್ಟುಕೊಂಡೇ ಮಾಡಿ.

---

ಮಂಡ್ಯ_ಮನೆನಕ್ಷೆ | ಮಂಗಳವಾರ, ರಾತ್ರಿ 10:30

ಟ್ರಾನ್ಸ್‌ಪರೆನ್ಸಿ ಟಿಕ್ ಇತ್ತು! ಯಾವತ್ತೋ ಒಂದು ಬಣ್ಣದ ಹಾಳೆಗೆ ಹಾಕಿದ್ದು ಪೇಜ್ ಸೆಟಪ್‌ನಲ್ಲೇ ಉಳಿದಿತ್ತು. ಅದನ್ನು ತೆಗೆದು, ಹ್ಯಾಚ್ ಸ್ವಲ್ಪ ಅಗಲ ಮಾಡಿದೆ. 48 ಇದ್ದದ್ದು 3 ಎಂಬಿ ಚಿಲ್ಲರೆಗೆ ಬಂತು. ಇನ್ನು ವಾಟ್ಸಾಪ್‌ನಲ್ಲೇ ಕಳಿಸಬಹುದು.

ಉಳಿದಿರುವುದು ಕನ್ನಡ ಮಾತ್ರ.

---

ನುಡಿ_ಬಳಕೆದಾರ | ಬುಧವಾರ, ಬೆಳಿಗ್ಗೆ 10:15

ಕನ್ನಡದ್ದು ನನಗೆ ತುಂಬಾ ಹತ್ತಿರದ ವಿಷಯ. ಹತ್ತು ವರ್ಷದಿಂದ ನಾಲೆ, ತೂಬು, ಕಟ್ಟೆಗಳ ಡ್ರಾಯಿಂಗ್‌ಗೆ ಕನ್ನಡದಲ್ಲೇ ಹೆಸರು ಬರೆಯುತ್ತಿದ್ದೇನೆ. ರೈತರ ಜಮೀನಿನ ನಕ್ಷೆ ರೈತರಿಗೆ ಓದಲು ಬರಬೇಕು.

ಮೊದಲು ಯಾವ ಬಗೆಯ ಕನ್ನಡ ಅಂತ ನೋಡಿ. ಎರಡು ಬಗೆ ಇವೆ. ಒಂದು ನುಡಿಯ ಹಳೆಯ ಫಾಂಟ್, ಕನ್ನಡ ಗಣಕ ಪರಿಷತ್ತಿನದು. ಇದರಲ್ಲಿ ಕಂಪ್ಯೂಟರ್ ಪಾಲಿಗೆ ಅದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ರೂಪ ಕೂರಿಸಿದ್ದಾರೆ ಅಷ್ಟೇ. ಒತ್ತಕ್ಷರವೂ ಒಂದು ಬಿಡಿ ಅಕ್ಷರ. ಹಾಗಾಗಿ ಕ್ಯಾಡ್‌ನಲ್ಲಿ ಯಾವತ್ತೂ ಒತ್ತು ಒಡೆಯುವುದಿಲ್ಲ. ಆದರೆ ಡ್ರಾಯಿಂಗ್ ಫೈಲನ್ನೇ ಬೇರೆಯವರಿಗೆ ಕಳಿಸಿ, ಅವರಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ.

ಇನ್ನೊಂದು ಯೂನಿಕೋಡ್. ತುಂಗಾ, ನಿರ್ಮಲಾ ಯುಐ, ನೋಟೋ ಸಾನ್ಸ್ ಕನ್ನಡ ಇವೆಲ್ಲ. ಇದರಲ್ಲಿ "ತ್ತ" ಅಂದರೆ ತ, ಹಲಂತ ಚಿಹ್ನೆ, ಮತ್ತೆ ತ, ಹೀಗೆ ಮೂರು ಸಂಕೇತ. ಅವನ್ನು ಸೇರಿಸಿ ಒಂದು ರೂಪ ಮಾಡುವ ಕೆಲಸ ಸಾಫ್ಟ್‌ವೇರ್‌ನದು. ಆ ಕೆಲಸ ಗೊತ್ತಿಲ್ಲದ ಹಳೆಯ ಆವೃತ್ತಿಗಳಲ್ಲಿ ಅಕ್ಷರಗಳು ಬಿಡಿಯಾಗಿ ನಿಲ್ಲುತ್ತವೆ. ನಿಮ್ಮ "ಉತ್‌ತರ" ಹಾಗೇ ಆಗಿರುವುದು. ಫಾಂಟ್ ತಪ್ಪಲ್ಲ, ಬದಲಾಯಿಸಿದರೂ ಪ್ರಯೋಜನ ಇಲ್ಲ.

ನಾನು ಮಾಡುವುದು ಹೀಗೆ. ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಕನ್ನಡ ಬರೆದು, ಪಾತ್ ಮೆನುವಿನಲ್ಲಿ "ಆಬ್ಜೆಕ್ಟ್ ಟು ಪಾತ್" ಕೊಟ್ಟು, ಡಿಎಕ್ಸ್‌ಎಫ್ (ಕ್ಯಾಡ್ ಓದುವ ಒಂದು ಫೈಲ್ ಬಗೆ) ಆಗಿ ಉಳಿಸಿ, ಕ್ಯಾಡ್‌ನಲ್ಲಿ ಬ್ಲಾಕ್ ಮಾಡಿಕೊಳ್ಳುತ್ತೇನೆ. ಅಕ್ಷರದ ಹೊರಗೆರೆ ಬರುತ್ತದೆ, ಒಳಗೆ ಸಾಲಿಡ್ ಹ್ಯಾಚ್ ತುಂಬುತ್ತೇನೆ. ಉತ್ತರ, ರಸ್ತೆ, ಅಡ್ಡರಸ್ತೆ, ನೆಲಮಹಡಿ, ಮೊದಲ ಮಹಡಿ, ಸಂಪು, ಮೆಟ್ಟಿಲು. ಮನೆ ಪ್ಲ್ಯಾನ್‌ಗೆ ಬೇಕಾಗುವುದು ಮೂವತ್ತು ಪದ ಅಷ್ಟೇ, ಅಲ್ವಾ? ಒಂದು ಭಾನುವಾರ ಕೂತು ಮಾಡಿಟ್ಟುಕೊಂಡರೆ ಇನ್ನು ಯಾವ ಕಂಪ್ಯೂಟರ್‌ಗೆ ಹೋದರೂ ಕೆಡುವುದಿಲ್ಲ.

---

ಸರಸ್ವತಿಪುರಂ_ಆರ್ಕಿಟೆಕ್ಟ್ | ಬುಧವಾರ, ಬೆಳಿಗ್ಗೆ 11:40

ಇದಕ್ಕೆ ನನ್ನ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಅಕ್ಷರವನ್ನು ಗೆರೆ ಮಾಡಿದರೆ ಪಿಡಿಎಫ್‌ನಲ್ಲಿ ಹುಡುಕಲು ಆಗುವುದಿಲ್ಲ. ಮಾಲೀಕರ ಹೆಸರು, ಸೈಟ್ ನಂಬರು ಹುಡುಕಿದರೆ ಸಿಗಬೇಕು. ಹತ್ತು ವರ್ಷ ಆದಮೇಲೆ ಸಾವಿರ ಪಿಡಿಎಫ್‌ನಲ್ಲಿ ಒಂದನ್ನು ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ. ಒತ್ತು ಸರಿಯಾಗಿ ಕೂರಿಸುವ ಸಾಫ್ಟ್‌ವೇರ್ ಇದ್ದವರು ಯೂನಿಕೋಡ್‌ನಲ್ಲೇ ಬರೆದು, ಪಿಡಿಎಫ್ ಆಪ್ಷನ್ಸ್‌ನಲ್ಲಿ "ಕ್ಯಾಪ್ಚರ್ ಫಾಂಟ್ಸ್" ಟಿಕ್ ಹಾಕಿ. ಫಾಂಟು ಪಿಡಿಎಫ್ ಒಳಗೇ ಸೇರುತ್ತದೆ, ಅಂಗಡಿಯಲ್ಲಿ ಇರಬೇಕಾದ ಅವಶ್ಯಕತೆ ಇಲ್ಲ.

---

ನುಡಿ_ಬಳಕೆದಾರ | ಬುಧವಾರ, ಮಧ್ಯಾಹ್ನ 12:20

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಮಂಡ್ಯದವರ ಹಾಳೆ ಈ ವಾರವೇ ಹೋಗಬೇಕು, ಅವರ ಆವೃತ್ತಿಯಲ್ಲಿ ಒತ್ತು ಒಡೆಯುತ್ತಿದೆ. ಕೆಟ್ಟ ಅಕ್ಷರ ಹುಡುಕಲು ಸಿಕ್ಕರೂ ಓದಲು ಆಗುವುದಿಲ್ಲವಲ್ಲ. ದಿಕ್ಕು, ರಸ್ತೆ, ಕೋಣೆಗಳ ಹೆಸರು ಗೆರೆಯಾಗಿ ಇರಲಿ. ಸೈಟ್ ನಂಬರು ಅಂಕಿಯಲ್ಲಿದೆ, ಅದು ಟ್ರೂಟೈಪ್ ಫಾಂಟ್‌ನಲ್ಲಿ (ಕಂಪ್ಯೂಟರ್‌ನ ಸಾಮಾನ್ಯ ಫಾಂಟ್) ಅಕ್ಷರವಾಗಿಯೇ ಉಳಿಯಲಿ. ಎರಡೂ ಆಯಿತು.

---

ಸರಸ್ವತಿಪುರಂ_ಆರ್ಕಿಟೆಕ್ಟ್ | ಬುಧವಾರ, ಮಧ್ಯಾಹ್ನ 12:35

ಇದು ಸರಿ. ಟ್ರೂಟೈಪ್ ಅಂದಿದ್ದು ಮುಖ್ಯ. ಎಸ್‌ಎಚ್‌ಎಕ್ಸ್ ಫಾಂಟ್ (ಆಟೋಕ್ಯಾಡ್‌ನದೇ ಗೆರೆ ಫಾಂಟ್) ಹಾಕಿದರೆ ಅದು ಪಿಡಿಎಫ್‌ನಲ್ಲಿ ಗೆರೆಯಾಗಿಯೇ ಬರುತ್ತದೆ. ಜೊತೆಗೆ ಹೊಸ ಆಟೋಕ್ಯಾಡ್‌ಗಳಲ್ಲಿ ಪ್ರತಿ ಪದದ ಮೇಲೂ ಕಾಮೆಂಟ್ ಚೌಕ ಕೂರುತ್ತದೆ, ಮೌಸ್ ಇಟ್ಟರೆ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದು ಬೇಡ ಅಂದರೆ ಪಿಡಿಎಫ್‌ಎಸ್‌ಎಚ್‌ಎಕ್ಸ್ ಅಂತ ಹೊಡೆದು 0 ಕೊಡಿ.

---

ಮಂಡ್ಯ_ಲಿಬ್ರೆಕ್ಯಾಡ್ | ಬುಧವಾರ, ಸಂಜೆ 5:00

ನಾನು ಓದುತ್ತಿರುವವನು, ಲಿಬ್ರೆಕ್ಯಾಡ್ ಬಳಸುತ್ತೇನೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಸ್ಕೇಲ್ ವಿಷಯ ಪ್ರಿಂಟ್ ಪ್ರಿವ್ಯೂನಲ್ಲೇ ಇದೆ. ಹಾಳೆಯನ್ನು ಡ್ರಾಯಿಂಗ್ ಮೇಲೆ ಎಳೆದು ಕೂರಿಸಿ, 1:100 ಆರಿಸಿ ಪಿಡಿಎಫ್ ಮಾಡಬಹುದು. ಮೊದಲು ಡ್ರಾಯಿಂಗ್ ಪ್ರಿಫರೆನ್ಸಸ್‌ನಲ್ಲಿ ಯೂನಿಟ್ ಮತ್ತು ಹಾಳೆ ಸರಿಯಾಗಿ ಕೊಟ್ಟಿರಬೇಕು. ಡಿಎಕ್ಸ್‌ಎಫ್ ತಂದುಕೊಂಡು ಮಾಡುವಾಗ ಯೂನಿಟ್ "ನನ್" (None, ಯಾವುದೂ ಇಲ್ಲ) ಅಂತ ಬಂದಿರುತ್ತದೆ, ಅಲ್ಲೇ ನಾನು ಎಡವಿದ್ದು.

ಇನ್ನೊಂದು ಪ್ರಶ್ನೆ. ಸ್ನೇಹಿತನ ಆಟೋಕ್ಯಾಡ್ ಫೈಲಿನಲ್ಲಿ ಕಾಂಪೌಂಡ್ ಗೆರೆ ಸ್ಕ್ರೀನ್‌ನಲ್ಲಿ ಕಾಣುತ್ತದೆ, ಪಿಡಿಎಫ್‌ನಲ್ಲಿ ಬರುವುದೇ ಇಲ್ಲ. ಯಾಕೆ?

---

ಹೂಟಗಳ್ಳಿ_ಟೂಲ್‌ರೂಮ್ | ಬುಧವಾರ, ಸಂಜೆ 5:25

ಡೆಫ್‌ಪಾಯಿಂಟ್ಸ್ ಲೇಯರ್‌ನಲ್ಲಿ ಬರೆದಿದ್ದಾರೆ. ಡೈಮೆನ್ಷನ್ ಹಾಕಿದಾಗ ಅದು ತಾನಾಗಿ ಹುಟ್ಟುವ ಲೇಯರ್, ಪ್ರಿಂಟ್ ಆಗುವುದಿಲ್ಲ. ಗೆರೆಯನ್ನು ಬೇರೆ ಲೇಯರ್‌ಗೆ ಹಾಕಿ. ಅದೂ ಅಲ್ಲದಿದ್ದರೆ ಲೇಯರ್ ಪಟ್ಟಿಯಲ್ಲಿ ಪ್ರಿಂಟರ್ ಚಿತ್ರದ ಮೇಲೆ ಅಡ್ಡ ಗೆರೆ ಇದೆಯಾ ನೋಡಿ.

---

ಮಂಡ್ಯ_ಲಿಬ್ರೆಕ್ಯಾಡ್ | ಬುಧವಾರ, ಸಂಜೆ 5:40

ಹೌದು, ಡೆಫ್‌ಪಾಯಿಂಟ್ಸೇ. ಥ್ಯಾಂಕ್ಸ್ ಸರ್.

---

ಮಂಡ್ಯ_ಮನೆನಕ್ಷೆ | ಶುಕ್ರವಾರ, ರಾತ್ರಿ 8:15

ಇವತ್ತು ಮೈಸೂರಿಗೆ ಹೋಗಿ ಹೊಸದಾಗಿ ತೆಗೆಸಿದೆ. ಬೇರೆ ಅಂಗಡಿ. ಆ್ಯಕ್ಚುಯಲ್ ಸೈಜ್ ಅಂತ ಹೇಳಿದೆ, ಸ್ಟೀಲ್ ಸ್ಕೇಲ್ ಬ್ಯಾಗಿನಲ್ಲೇ ಇತ್ತು. ಮೊದಲನೇ ಹಾಳೆ ಹೊರಗೆ ಬಂದ ತಕ್ಷಣ ಕೌಂಟರ್ ಮೇಲೆ ಹರಡಿ, ಎರಡೂ ತುದಿಗೆ ಪೆನ್ನು, ಮೊಬೈಲು ಇಟ್ಟು ಅಳೆದೆ. ಮನೆಯ ಅಗಲದ ಕಡೆ ಸೈಟು 91.4, ಸರಿಯಾಗಿದೆ. ಉದ್ದದ ಕಡೆ 121.5. ಕೆಂಪು ಕೆಂಪಾಗಿಯೇ ಬಂದಿದೆ, ಒಳಚರಂಡಿ ಚುಕ್ಕಿ ಚುಕ್ಕಿಯಾಗಿ ಬಂದಿದೆ. "ಉತ್ತರ"ದ ಒತ್ತು ಕೆಳಗೆ ಸರಿಯಾಗಿ ಕೂತಿದೆ. ಅದನ್ನು ನೋಡಿ ತುಂಬಾ ಸಂತೋಷ ಆಯಿತು, ಅಲ್ಲೇ ಫೋಟೋ ತೆಗೆದು ಮನೆಯ ಮಾಲೀಕರಿಗೆ ಕಳಿಸಿದೆ.

ಆದರೆ ಉದ್ದದಲ್ಲಿ ಆ 0.4 ಮಿ.ಮೀ ಎಲ್ಲಿ ಹೋಯಿತು? ಒಂದು ಕಡೆ ಸರಿ, ಇನ್ನೊಂದು ಕಡೆ ಕಡಿಮೆ. ಫಿಟ್ ಆಗಿದ್ದರೆ ಎರಡೂ ಕಡೆ ಕಡಿಮೆ ಆಗಬೇಕಿತ್ತಲ್ಲ.

---

ಪ್ಲಾಟರ್_ಅಂಗಡಿ_ಮೈಸೂರು | ಶುಕ್ರವಾರ, ರಾತ್ರಿ 9:00

ಸರಿಯಾಗಿ ಗಮನಿಸಿದ್ದೀರಿ. ಇದು ಫಿಟ್ ಅಲ್ಲ. ಶಾಯಿಯ ತಲೆ ಅಡ್ಡಡ್ಡ ಓಡುತ್ತದೆ, ಆ ದಿಕ್ಕು ಸಾಮಾನ್ಯವಾಗಿ ಸರಿ ಇರುತ್ತದೆ. ಕಾಗದವನ್ನು ರೋಲರ್ ಎಳೆಯುವುದು ಉದ್ದುದ್ದಕ್ಕೆ. ಎಳೆಯುವುದು ಒಂದು ಹೆಜ್ಜೆಗೆ ಕೂದಲೆಳೆಯಷ್ಟು ಕಡಿಮೆ ಆದರೂ ಉದ್ದಕ್ಕೆ ಹೋಗುತ್ತಾ ಸೇರಿಕೊಳ್ಳುತ್ತದೆ. ಅದಕ್ಕೆ ಯಂತ್ರದಲ್ಲೇ ಪೇಪರ್ ಅಡ್ವಾನ್ಸ್ ಕ್ಯಾಲಿಬ್ರೇಶನ್ ಅಂತ ಇರುತ್ತದೆ, ಕಾಗದದ ಬಗೆ ಬದಲಾದಾಗ ಮತ್ತೆ ಮಾಡಬೇಕು. ಮಳೆಗಾಲದಲ್ಲಿ ಕಾಗದವೇ ತೇವ ಹೀರಿ ಸ್ವಲ್ಪ ಹಿಗ್ಗುತ್ತದೆ, ಅದರಿಂದಲೂ ಅಳತೆ ಏರುಪೇರಾಗುತ್ತದೆ. ಪಾಲಿಯೆಸ್ಟರ್ ಫಿಲಂನಲ್ಲಿ ಆ ತೊಂದರೆ ತೀರಾ ಕಡಿಮೆ.

ನಿಮ್ಮದರಲ್ಲಿ ಇದು 0.3 ಪರ್ಸೆಂಟ್. 40 ಅಡಿಗೆ ಒಂದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ. ಕೈಯಲ್ಲಿ ಸ್ಕೇಲ್ ಇಟ್ಟು ನೋಡುವವರಿಗೆ ಇದು ಗೊತ್ತಾಗುವುದು ಕಷ್ಟ, ಬರೆದ ಡೈಮೆನ್ಷನ್ ಹೇಗೂ ಇದೆ. ಆದರೆ ಆ ಅಂಗಡಿಯವರಿಗೆ ಒಂದು ಮಾತು ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ನನಗೆ ಯಾರಾದರೂ ಹೀಗೆ ಅಳೆದು ಹೇಳಿದರೆ ಅವತ್ತೇ ಯಂತ್ರ ನೋಡುತ್ತೇನೆ.

ಇನ್ನು ಮುಂದೆ ಟೈಟಲ್ ಬ್ಲಾಕ್ ಪಕ್ಕ 100 ಮಿ.ಮೀ ಪಟ್ಟಿ ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ ಹಾಕಿಬಿಡಿ. ಅಂಗಡಿಯಲ್ಲಿ ಸೈಟು ಯಾವುದು, 40 ಅಡಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಾ ನಿಲ್ಲಬೇಕಿಲ್ಲ. ಸ್ಕೇಲ್ ಇಟ್ಟ ತಕ್ಷಣ ಎರಡೂ ದಿಕ್ಕು ಗೊತ್ತಾಗುತ್ತದೆ.

---

ಪಾಂಡವಪುರ_ಹೊಸಬ | ಶುಕ್ರವಾರ, ರಾತ್ರಿ 9:20

ಅಣ್ಣ, ಆ ಪಟ್ಟಿಯನ್ನು ಮಾಡೆಲ್‌ನಲ್ಲಿ ಬರೆಯಬೇಕಾ, ಲೇಔಟ್‌ನಲ್ಲಾ? ನನ್ನದು ಇಂಚಿನ ಡ್ರಾಯಿಂಗ್.

---

ಐಟಿಐ_ಮೇಷ್ಟ್ರು | ಶುಕ್ರವಾರ, ರಾತ್ರಿ 9:35

ಲೇಔಟ್‌ನಲ್ಲಿ, ಹಾಳೆಯ ಮೇಲೆಯೇ. 100 ಯೂನಿಟ್ ಉದ್ದ ಎಳಿ. ಲೇಔಟ್‌ನ ಹಾಳೆ ಮಿಲಿಮೀಟರ್‌ನಲ್ಲಿದ್ದು ಪ್ಲಾಟ್ ಸ್ಕೇಲ್ 1:1 ಇದ್ದರೆ, ಮಾಡೆಲ್ ಇಂಚಿನಲ್ಲಿದ್ದರೂ ಅದು 100 ಮಿ.ಮೀ ಬರುತ್ತದೆ. ಜೊತೆಗೆ ಮಾಡೆಲ್‌ನಲ್ಲೂ 10 ಅಡಿಯ ಒಂದು ಪಟ್ಟಿ ಹಾಕು. ಅದು ಹಾಳೆಯಲ್ಲಿ 30.5 ಬರಬೇಕು. ಮೊದಲನೆಯದು ತಪ್ಪಿದರೆ ಅಂಗಡಿಯಲ್ಲಿ ತಪ್ಪಾಗಿದೆ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪಿದರೆ ನಿನ್ನ ವ್ಯೂಪೋರ್ಟ್ ಜರುಗಿದೆ.

---

ಮಂಡ್ಯ_ಮನೆನಕ್ಷೆ | ಶನಿವಾರ, ಮಧ್ಯಾಹ್ನ 2:10

ಪ್ಲ್ಯಾನ್ ಕೊಟ್ಟು ಬಂದೆ. ಅದೇ ಇಂಜಿನಿಯರ್, ಅದೇ ಸ್ಟೀಲ್ ಸ್ಕೇಲ್. ಎರಡು ಕಡೆ ಇಟ್ಟು ನೋಡಿದರು, ತೆಗೆದುಕೊಂಡರು. ಎರಡೂ ಪಟ್ಟಿಯನ್ನು ಟೈಟಲ್ ಬ್ಲಾಕ್ ಟೆಂಪ್ಲೇಟ್‌ನಲ್ಲೇ ಹಾಕಿಟ್ಟಿದ್ದೇನೆ. ಕನ್ನಡ ಪದಗಳು ಇಲ್ಲಿಯವರೆಗೆ ಹನ್ನೊಂದು ಆಗಿವೆ. ಮೂವತ್ತು ಆದ ಮೇಲೆ ಆ ಬ್ಲಾಕ್ ಫೈಲು ಇಲ್ಲೇ ಹಾಕುತ್ತೇನೆ, ಬೇಕಾದವರು ಬಳಸಿಕೊಳ್ಳಿ.